ಮುನಿರತ್ನಮ್ಮನವರ ಬಲಗಣ್ಣು

ಮುನಿರತ್ನಮ್ಮನವರು ಬಾಗಿಲು ತೆರೆದರೆ ಮೊದಲು ಕಾಣುತ್ತಿದ್ದುದು ಅವರ ಕಣ್ಣು. ಹೊರಗೆ ಉಬ್ಬಿ ನಿಂತ, ಸದಾ ಸಿಟ್ಟಾದಂತಿದ್ದ ಕಣ್ಣು. ಗಂಡ, ಅತ್ತೆಯೊಡನೆ ಧಾರವಾಡದಿಂದ ಬಂದು ಹಲಸೂರಿನ ಅವರ ಮನೆಯ ಮಹಡಿಗೆ ಬಾಡಿಗೆಗೆ ಸೇರಿದ ಹೊಸತರಲ್ಲಿ ನಾನು ಮೆಟ್ಟಿಲನ್ನೂ ಸದ್ದಾಗದಂತೆ ಹತ್ತುತ್ತಿದ್ದೆ. ಸೊಪ್ಪಿನವನಂತೂ ಅವರು ನೋಡಿದೊಡನೆ ಇನ್ನೊಂದು ಕಟ್ಟು ಹಾಕಿಬಿಡುತ್ತಿದ್ದ.

“ನಾನೇನೂ ಬೈದಿಲ್ಲ ಕಣಪ್ಪಾ, ಥೈರಾಯ್ಡ್ ಬಂದು ಕಣ್ಣು ಹಿಂಗಾಗಿದೆ,” ಎನ್ನುತ್ತಲೇ ಕಟ್ಟನ್ನು ಚೀಲಕ್ಕೆ ಸೇರಿಸುತ್ತಿದ್ದರು.

ಹಿರಿಯರು ಉಳುತ್ತಿದ್ದ ಜಾಗದಲ್ಲಿ ರೂಮಿನ ಮೇಲೆ ರೂಮು ಕಟ್ಟಿಸುವುದು ಅವರ ಹುಚ್ಚು. ಒಂದು ದಿನ ಶಿವಾಜಿನಗರದ ಸಲೀಮ್ ಹೊಸ ಕಿಟಕಿಗೆ ಗ್ರಿಲ್ ಕೂರಿಸಿದ.

“ಎಲ್ಲಾ ಸರಳೂ ಸೊಟ್ಟ! ಬಿಚ್ಚು!” ಎಂದು ಕೂಗಿದರು.

ಅವನು ದಾರ ಹಿಡಿದ. “ದೇಖೋ ಅಮ್ಮಾ, ಸೀದಾ ಇದೆ.”

“ನೆಟ್ಟಗ ಐತಿ ನೋಡ್ರಿ,” ಎಂದೆ ನಾನೂ.

ಅವರು ಬಲಗಣ್ಣು ಮುಚ್ಚಿ ನೋಡಿದರು. ನೆಟ್ಟಗಿತ್ತು. ಎಡಗಣ್ಣು ಮುಚ್ಚಿದರು. ಅವೇ ಸರಳುಗಳು ಅಲೆಯಲೆಯಾಗಿ ಬಳುಕಿದವಂತೆ. ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಆಸ್ಪತ್ರೆಗೆ ನಾನೇ ಕರೆದೊಯ್ದೆ. ಆಟೋದಲ್ಲಿ ನನ್ನ ಕೈ ಬಿಡಲಿಲ್ಲ. ಡಾಕ್ಟರು ಕಣ್ಣಿಗೆ ಹನಿ ಹಾಕಿ ಬಹಳ ಹೊತ್ತು ಪರೀಕ್ಷಿಸಿದರು. “ಥೈರಾಯ್ಡ್‌ನಿಂದ ಕಣ್ಣಿನ ಹಿಂದಿರೋ ಮಾಂಸ, ಕೊಬ್ಬು ಊದ್ಕೊಂಡಿದೆ. ಅದು ಗುಡ್ಡೇನ ಹಿಂದಿನಿಂದ ಒತ್ತಿ ಒತ್ತಿ ಒಳಗಿನ ರೆಟಿನಾದಲ್ಲಿ ಸುಕ್ಕು ಬಿದ್ದಿದೆ.”

“ಇಸ್ತ್ರಿ ಹಾಕೋಕಾಗಲ್ವಾ ಡಾಕ್ಟ್ರೇ?”

ಡಾಕ್ಟರು ನಕ್ಕರು. “ಒತ್ತಡ ಇಳಿಸಿದ್ರೆ ಸುಕ್ಕು ಸುಮಾರಾಗಿ ಹೋಗ್ಬಹುದು. ತಡ ಮಾಡಿದ್ರೆ ನರಕ್ಕೆ ಪೆಟ್ಟು, ದೃಷ್ಟಿಗೇ ಅಪಾಯ.”

ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನ ಗೂಡಿನ ಮೂಳೆಯನ್ನು ಸ್ವಲ್ಪ ತೆಗೆದು ಜಾಗ ಮಾಡಿಕೊಟ್ಟರು. ನೋಡಲು ಬಂದವರಿಗೆಲ್ಲ ಮುನಿರತ್ನಮ್ಮನವರದು ಒಂದೇ ಮಾತು: “ಕಣ್ಣಿಗೂ ಒಂದು ರೂಮ್ ಎಕ್ಸ್‌ಟ್ರಾ ಕಟ್ಸಿದೀನಿ. ಬಾಡಿಗೆ ಬರಲ್ಲ ಅಷ್ಟೇ.” ಆ ಕಣ್ಣಿಗೆ ಕಿಟಕಿಯ ಸರಳುಗಳು ನಿಧಾನವಾಗಿ ನೆಟ್ಟಗಾದವು, ಒಂದಿಷ್ಟು ಬಳುಕು ಉಳಿದೇ ಉಳಿಯಿತು. ಒಬ್ಬಟ್ಟಿನ ಡಬ್ಬಿ ಹಿಡಿದು ಸಲೀಮನ ಅಂಗಡಿಗೆ ಹೋಗಿ, “ತಪ್ಪಾಯ್ತು ಕಣಪ್ಪಾ,” ಎಂದು ಬಂದರು.

ನಾವು ದೊಡ್ಡನೆಕ್ಕುಂದಿಗೆ ಮನೆ ಬದಲಾಯಿಸಿದ ಮೇಲೆ, ಹೆರಿಗೆ ಮುಗಿಸಿ ಒಮ್ಮೆ ಅವರನ್ನು ಕಾಣಲು ಹೋದೆ. ಮಗುವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಹಣೆ, ಹುಬ್ಬು, ಬೆರಳು ಎಲ್ಲವನ್ನೂ ಸಾವಕಾಶವಾಗಿ ನೋಡಿದರು.

“ಮೂಗು ಮಾತ್ರ ನಿಮ್ಮತ್ತೇದೇ ಕಣಮ್ಮಾ,” ಎಂದರು. “ಅದಕ್ಕೆ ಯಾವ ಡಾಕ್ಟ್ರೂ ಏನೂ ಮಾಡಕ್ಕಾಗಲ್ಲ.”

ಅದೇ ಕೊನೆಯ ಭೇಟಿ. ಮರುವರ್ಷ ಅವರು ನಿದ್ದೆಯಲ್ಲೇ ಹೋದರು. ಮಗಳು ಈಗ ಶಾಲೆಗೆ ಹೋಗುತ್ತಾಳೆ. ಮೂಗು ಅತ್ತೆಯದೇ.