ದಸ್ತಗೀರಣ್ಣನ ಓಟ

ಗುಂಡು ಹಾರಿದ ಮೇಲೆ ಇಲ್ಲಿನ ಬೇಟೆಗಾರರು ಕಾಯುತ್ತಾರೆ. ಏಟು ತಿಂದ ಜಿಂಕೆಯ ಬೆನ್ನು ಹತ್ತಿದರೆ ಅದು ಹೆದರಿ ಎಲ್ಲೋ ದೂರದ ಪೊದೆಯಲ್ಲಿ ಹೋಗಿ ಬೀಳುತ್ತದೆ. ಸುಮ್ಮನೆ ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಫ್ಲಾಸ್ಕಿನ ಚಹಾ ಕುಡಿದು, ಕಾಲು ಗಂಟೆ ಬಿಟ್ಟು ಹೋಗಿ ನೋಡುವುದು ಪದ್ಧತಿ. ದಸ್ತಗೀರಣ್ಣ ಮಾತ್ರ ಓಡುತ್ತಿದ್ದರು. ಐವತ್ತೇಳು ವರ್ಷದ ಗುಂಡುಗುಂಡಗಿನ ಮನುಷ್ಯ, ಬಂದೂಕು ಪಕ್ಕಕ್ಕಿಟ್ಟು, ಒರೆಯಲ್ಲಿದ್ದ ಚಾಕುವನ್ನು ಮುಷ್ಟಿಯಲ್ಲಿ ಹಿಡಿದು, ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಧಡಧಡ ಓಡುವುದನ್ನು ಮೊದಲ ಸಲ ನೋಡಿದಾಗ ನಾನು ನಕ್ಕುಬಿಟ್ಟಿದ್ದೆ. ಈಗ ಅದನ್ನು ನೆನೆದರೆ ನಗು ಬರುವುದಿಲ್ಲ.

ಓಟಕ್ಕೆ ಕಾರಣವಿತ್ತು. ಹಲಾಲ್ ಆಗದ ಮಾಂಸ ಅವರ ಮನೆಯ ಒಲೆ ಏರುತ್ತಿರಲಿಲ್ಲ. ಜಿಂಕೆಯ ಉಸಿರಿರುವಾಗಲೇ ತಲುಪಬೇಕು, ದೇವರ ಹೆಸರು ಹೇಳಿ ಕುತ್ತಿಗೆಗೆ ಚಾಕು ಹಾಕಬೇಕು. ತಲುಪುವಷ್ಟರಲ್ಲಿ ಸತ್ತಿದ್ದರೆ, ಅಷ್ಟನ್ನೂ ಬೆನ್ನ ಮೇಲೆ ಹೊತ್ತು ತಂದು ಪಕ್ಕದ ಮನೆಯ ಬಿಳಿಯ ಅಜ್ಜನಿಗೆ ಕೊಟ್ಟುಬಿಡುವರು. ಆ ಅಜ್ಜ ದಸ್ತಗೀರಣ್ಣನ ಕಾಲು ಸ್ವಲ್ಪ ನಿಧಾನವಾಗಲಿ ಎಂದೇ ಬಯಸುತ್ತಿದ್ದಿರಬೇಕು.

ನನಗೆ ಅವರು ಸಿಕ್ಕಿದ್ದು ಕ್ರೈಸ್ಟ್‌ಚರ್ಚಿನ ಆಸ್ಪತ್ರೆಯೊಂದರ ಪ್ಲಾಸ್ಟರ್ ರೂಮಿನಲ್ಲಿ. ನಾನು ಅದೇ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್. ಇಲ್ಲಿಗೆ ಬಂದ ಮೊದಲ ಚಳಿಗಾಲ, ಬೆಳಿಗ್ಗೆ ಕಾರಿನ ಗಾಜಿನ ಮೇಲಿನ ಹಿಮ ಕೆರೆಯಲು ಹೋಗಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದೆ. ಪ್ಲಾಸ್ಟರ್ ಹಾಕುವವರು ಮೂಳೆ ಮುಟ್ಟಿದ ಕೂಡಲೇ ಬಾಯಿಂದ “ಯವ್ವಾ!” ಹೊರಟಿತು.

“ಯವ್ವಾ ಅಂದ್ಯಲ್ಲ, ಯಾ ಊರಾವಪಾ?” ಎಂದರು ಆ ಮನುಷ್ಯ, ಕೈ ಬಿಡದೆ.

“ಗದಗ ರೀ. ಹಣಮಂತ ಅಂತ.”

“ನಾ ಇಳಕಲ್ ಕಡ್ಯಾವ, ದಸ್ತಗೀರ. ಇರಲಿ, ಹೆಂಗ ಬಿದ್ದಿ ಹಣಮ್ಯಾ? ಮೊದಲ ಅದನ್ನ ಹೇಳು.”

ಎಲ್ಲಿ ನೋವು ಎಂದು ಅವರು ಯಾರನ್ನೂ ಮೊದಲು ಕೇಳುತ್ತಿರಲಿಲ್ಲ. ಹೇಗೆ ಬಿದ್ದೆ ಎಂದೇ ಕೇಳುವರು. ರಗ್ಬಿ ಆಡುವ ಹುಡುಗರನ್ನೂ ಅಜ್ಜಿಯರನ್ನೂ ತಮ್ಮ ಇಳಕಲ್ ಇಂಗ್ಲಿಷಿನಲ್ಲಿ ಅದನ್ನೇ ಕೇಳಿ, ಉತ್ತರ ಕೇಳಿ ತಲೆಯಾಡಿಸುವರು. “ಬೀಳೂದನ್ನ ಬಿದ್ದಾವನೂ ನೋಡಿರೂದಿಲ್ಲೋ. ನಿಂತಿದ್ದೆ ಅಂತಾರ, ಆಮ್ಯಾಲ ನೆಲದ ಮ್ಯಾಲ ಇದ್ದೆ ಅಂತಾರ. ನಡುವಿಂದು ಒಬ್ಬರಿಗೂ ಗೊತ್ತಿಲ್ಲ ನೋಡು” ಎನ್ನುವರು.

ಇಲ್ಲಿ ವಿದ್ಯಾರ್ಥಿಯಾಗಿದ್ದಾಗ ಜೊತೆಗಿದ್ದ ರೈತನ ಮಗನಿಂದ ಬೇಟೆ ಕಲಿತಿದ್ದರಂತೆ. ಗಂಡುಜಿಂಕೆಗಳು ಕೂಗಿ ಕಾದಾಡುವ ಏಪ್ರಿಲಿನಲ್ಲಿ ಊರಿನ ಬೇಟೆಗಾರರೆಲ್ಲ ಬೆಟ್ಟದಲ್ಲಿದ್ದರೆ ಇವರು ಮನೆಯಲ್ಲಿರುತ್ತಿದ್ದರು. “ಕೊಂಬಿನ ಹುಚ್ಚಿನ ಮಂದಿ ಮೊದಲ ಇಳೀಲಿ. ನಮ್ಮ ಪಾಳಿ ಜುಲೈದಾಗ” ಎನ್ನುವರು. ಇಲ್ಲಿ ಜುಲೈ ಎಂದರೆ ನಡುಚಳಿಗಾಲ. ಚಳಿ ಬಿಗಿದ ಮೇಲೆ ಜಿಂಕೆಗಳು ಬಿಸಿಲು ಬೀಳುವ ಮಗ್ಗುಲಿಗೆ ಇಳಿದು ಮೇಯುತ್ತವೆ. ಎದುರಿನ ಮಗ್ಗುಲಿಗೆ ಎರಡು ತಿಂಗಳು ಬಿಸಿಲೇ ಇಲ್ಲ. ಅಲ್ಲಿ ಇಬ್ಬನಿಯ ಮೇಲೆ ಇಬ್ಬನಿ ಗಟ್ಟಿಯಾಗಿ ನೆಲ ಗಾಜಾಗಿರುತ್ತದೆ. ಹಕ್ಕಿಯ ಸದ್ದೂ ಇರುವುದಿಲ್ಲ. ಆ ಮೌನ ನನಗೆ ಎಂದೂ ಹಿಡಿಸಲಿಲ್ಲ. ಆದರೂ ಅವರು ಕರೆದರೆ ಅವರ ಯೂಟ್ ಗಾಡಿ ಹತ್ತಿ ಕೂರುತ್ತಿದ್ದೆ. ತಂದ ಮಾಂಸದಲ್ಲಿ ಕರ್ನಾಟಕದಿಂದ ಬಂದ ಹೊಸ ಹುಡುಗ ಹುಡುಗಿಯರ ಫ್ಲ್ಯಾಟುಗಳಿಗೆಲ್ಲ ಒಂದೊಂದು ಪೊಟ್ಟಣ, ಜೊತೆಗೆ ಅವರ ಹೆಂಡತಿ ನೂರ್ಜಹಾನ್ ಭಾಬಿ ಬಡಿದ ಜೋಳದ ರೊಟ್ಟಿ ಹೋಗುತ್ತಿತ್ತು. ಹೆಸರು, ಜಾತಿ ಕೇಳಿದವರಲ್ಲ.

ಅವರದೊಂದು ಕ್ರಮವಿತ್ತು. ಜಿಂಕೆ ಕಂಡ ಕೂಡಲೇ ಬೆನ್ನಿನ ಚೀಲ ಇಳಿಸುವರು. ಬಗ್ಗಿ ಎರಡೂ ಬೂಟಿನ ಲೇಸು ಬಿಗಿದು ಜೋಡಿಗಂಟು ಹಾಕುವರು. ಆಮೇಲೆ ಬಂದೂಕು, ಬಿಸ್ಮಿಲ್ಲಾ, ಗುಂಡು, ಓಟ. ಮೊದಲ ಸಲ ನಾನು ಏದುಸಿರು ಬಿಡುತ್ತ ಹಿಂದೆ ಹೋದಾಗ ಅವರು ಮಂಡಿಯೂರಿ ಕೂತು ಎಡ ಅಂಗೈಯಿಂದ ಜಿಂಕೆಯ ಕಣ್ಣು ಮುಚ್ಚಿದ್ದರು. “ಚಾಕು ಅದಕ್ಕ ಕಾಣಬಾರದು” ಎಂದು ಪಿಸುಗುಟ್ಟಿದರು. ಕೆಲಸ ಮುಗಿದ ಮೇಲೂ ಆ ಅಂಗೈಯನ್ನು ತುಸು ಹೊತ್ತು ಹಾಗೇ ಇಟ್ಟಿದ್ದರು.

ಎರಡು ವರ್ಷದ ಹಿಂದೆ ಓಡುವಾಗ ಕಾಲು ಉಳುಕಿ ಮೊಣಕಾಲು ಹೋಯಿತು. ಪ್ಲಾಸ್ಟರ್ ರೂಮಿನವರಿಗೇ ಪಟ್ಟಿ ಕಟ್ಟಿದರೆಂದು ಆಸ್ಪತ್ರೆಯೆಲ್ಲ ನಕ್ಕಿತು. ಭಾಬಿ ನಗಲಿಲ್ಲ. ಧರ್ಮ ತಿಳಿದ ಹಿರಿಯರೊಬ್ಬರನ್ನು ತಾವೇ ಕೇಳಿ ಬಂದರು. ದೇವರ ಹೆಸರು ಹೇಳಿ ತಾನೇ ಗುಂಡು ಹೊಡೆದಿದ್ದರೆ, ತಲುಪುವಷ್ಟರಲ್ಲಿ ಜಿಂಕೆ ಸತ್ತಿದ್ದರೂ ತಿನ್ನಬಹುದು ಎಂದು ಅವರು ಹೇಳಿದರಂತೆ. “ಇನ್ನ ಮ್ಯಾಲ ನಡಕೋತ ಹೋಗರಿ” ಎಂದು ಭಾಬಿ ಕಡ್ಡಿ ಮುರಿದಂತೆ ಹೇಳಿದರು. ದಸ್ತಗೀರಣ್ಣ ಮುಖ ಊದಿಸಿಕೊಂಡೇ ಒಪ್ಪಿದರು. ಬಾಗಿಲವರೆಗೆ ಬಂದು ಭಾಬಿ ನನಗೂ ಹೇಳಿದರು: “ಹಣಮಂತ, ನೀ ಜೊತಿಗಿರತಿ. ಅವರನ್ನ ಓಡಾಕ ಬಿಡಬ್ಯಾಡ. ನನಗ ಮಾತು ಕೊಡು.” ನಾನು ಕೊಟ್ಟೆ.

ಮಾತು ಕೊಟ್ಟಷ್ಟು ಸುಲಭವಾಗಿರಲಿಲ್ಲ ಉಳಿಸಿಕೊಳ್ಳುವುದು. ಬಿಸ್ಮಿಲ್ಲಾ ಎಂದು ತಾವೇ ಹೊಡೆದ ಮೇಲೂ ಅವರ ಕಾಲು ತಾನಾಗಿ ನಾಲ್ಕು ಹೆಜ್ಜೆ ಹಾರುತ್ತಿತ್ತು. ನಾನು ಜಾಕೆಟ್ ಹಿಡಿದು ಜಗ್ಗುತ್ತಿದ್ದೆ. “ಬಿಡೋ, ನಡೀತೀನಿ” ಎಂದು ಬೈದು, ಕುಂಟುತ್ತ ನಡೆಯುವರು. ಓಟವಿಲ್ಲವೆಂದು ಲೇಸಿಗೆ ಜೋಡಿಗಂಟು ಹಾಕುವುದನ್ನೂ ಬಿಟ್ಟಿದ್ದರು.

ಕಳೆದ ಚಳಿಗಾಲ ನನ್ನ ಮಗಳ ಮೊದಲ ಹುಟ್ಟುಹಬ್ಬವಿತ್ತು. ಎಲ್ಲರೂ ಒಂದೇ ಪಾತ್ರೆಯಿಂದ ಉಣ್ಣಬೇಕೆಂಬ ಆಸೆ ನನಗೆ. “ಅಣ್ಣ, ನಿಮ್ಮ ಮಂದಿನೂ ಉಣ್ಣಂಗಿರಬೇಕು” ಎಂದೆ. “ಅಷ್ಟಽ ಹೌದಿಲ್ಲೋ, ನಡಿ” ಎಂದರು. ಆ ಆಸೆಯನ್ನು ನಾನು ನುಂಗಿಕೊಂಡಿದ್ದರೆ ಆಗುತ್ತಿತ್ತು.

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕಣಿವೆಯ ನೆತ್ತಿಯಲ್ಲಿ ಕೂತಿದ್ದೆವು. ತೊರೆ ದಂಡೆಯಿಂದ ದಂಡೆಗೆ ಹೆಪ್ಪುಗಟ್ಟಿತ್ತು. ಪಶ್ಚಿಮದ ಮೋಡ ಬೂದಿಯ ಬಣ್ಣಕ್ಕೆ ತಿರುಗಿ ಇಳಿಯುತ್ತಿತ್ತು. ಏರುವಾಗ ಅಣ್ಣನ ಮೊಣಕಾಲು ಲಟಕ್ಕೆನ್ನುವುದು ನನಗೇ ಕೇಳಿಸಿತ್ತು. ವಾಪಸ್ ಹೋಗೋಣ ಎಂದು ಎರಡು ಸಲ ಬಾಯಿಗೆ ಬಂದ ಮಾತು ನುಂಗಿದೆ. ಅಷ್ಟರಲ್ಲಿ ನೆರಳಿನ ಕೊರಕಲಿನಾಚೆ, ಬಿಸಿಲಿನಂಚಿಗೆ ಒಂದು ಹೆಣ್ಣುಜಿಂಕೆ ಬಂದು ನಿಂತಿತು.

ಇವರು ಹೊಡೆದರೆ ಓಡುತ್ತಾರೆ, ನಾನು ಹೊಡೆದರೆ ಕೂರುತ್ತಾರೆ ಎಂದುಕೊಂಡೆ. ನನಗಿನ್ನೂ ಲೈಸೆನ್ಸ್ ಬಂದಿರಲಿಲ್ಲ; ಅವರ ಪಕ್ಕದಲ್ಲಿ ಕೂತು ಅವರ ಬಂದೂಕಿನಿಂದ ಹೊಡೆಯಬಹುದಿತ್ತು.

“ಅಣ್ಣ, ಈ ಸಲ ನಾ ಹೊಡೀತೀನಿ. ನೀವು ಆರಾಮ ಕುಂದರ್ರಿ.”

ಅವರು ನನ್ನ ಮುಖವನ್ನೇ ನೋಡಿದರು. “ನೀ ಹೊಡೀತೀ?”

“ಹೌದಣ್ಣ.”

ಏನೋ ಹೇಳಬೇಕೆಂದು ತುಟಿ ತೆರೆದು ಸುಮ್ಮನಾದರು. ಮಗುವಿನ ಹಬ್ಬದ ಮಾತು, ಇವನ ಮನಸ್ಸು ಯಾಕೆ ಮುರಿಯಲಿ ಅಂದುಕೊಂಡರೇನೋ. ಬಂದೂಕು ನನ್ನ ಕೈಗಿತ್ತರು. ಚೀಲ ಇಳಿಸಿದರು. ನಾನು ಗುರಿ ಹಿಡಿಯುವಾಗ ಅವರು ಬಗ್ಗಿ ಬೂಟಿನ ಲೇಸು ಬಿಗಿಯುತ್ತಿದ್ದರು. ಕಂಡೆ, ಆದರೆ ನನಗೆ ಅರ್ಥವಾಗಲಿಲ್ಲ.

ನನ್ನ ಗುಂಡು ಎದೆ ತಪ್ಪಿ ಹಿಂಭಾಗಕ್ಕೆ ಬಿತ್ತು. ಜಿಂಕೆಯ ಸೊಂಟ ಕುಸಿಯಿತು. ಮುಂಗಾಲಿನಿಂದ ನೆಲ ಕೆರೆಯುತ್ತ ತಲೆ ಎತ್ತಿತು. ನಾನು ಬಂದೂಕಿನಿಂದ ಮುಖ ಎತ್ತುವಷ್ಟರಲ್ಲಿ ಪಕ್ಕದಲ್ಲಿ ಚೀಲ ಮಾತ್ರ ಇತ್ತು. “ಅಣ್ಣಾ, ನಿಲ್ರೀ!” ಎಂದು ಕೂಗಿದೆ. ಅವರು ಹತ್ತಿರದ ದಾರಿಯೆಂದು ನೆರಳಿನ ಕೊರಕಲಿಗೇ ಇಳಿದಿದ್ದರು. ಅವರು ಬೀಳುವುದನ್ನು ನಾನು ನೋಡಿದೆ. ಯಾರೂ ನೋಡಿರುವುದಿಲ್ಲ ಎನ್ನುತ್ತಿದ್ದ ನಡುವಿನದನ್ನೂ ನೋಡಿದೆ. ಬಲಗಾಲು ಮುಂದೆ ಹೋಯಿತು, ಒಂದು ಕೈ ಹುಲ್ಲು ಹಿಡಿಯಿತು, ಹುಲ್ಲು ಕಿತ್ತು ಬಂತು. ತೊರೆಯ ಬಂಡೆಗಳವರೆಗೆ ಅವರು ಒಂದು ಸದ್ದೂ ಮಾಡಲಿಲ್ಲ.

ಸಹಾಯ ಕರೆಯುವ ಬೀಕನ್ ಒತ್ತಿ, ಕುಂಡೆಯ ಮೇಲೆ ಜಾರುತ್ತ ಇಳಿದೆ. ಅವರಿಗೆ ಎಚ್ಚರವಿತ್ತು. ಹೊಟ್ಟೆ ಮುಟ್ಟಿದೆ, ಹಲಗೆಯಂತಿತ್ತು. ಒಳಗೆ ರಕ್ತ ಹೋಗುತ್ತಿದೆ ಎಂದು ನರ್ಸಿಗೆ ಗೊತ್ತಾಗದೆ ಇರುತ್ತದೆಯೇ? ನನ್ನ ಜಾಕೆಟ್ಟನ್ನೂ ಹೊದಿಸಿದೆ.

“ಅದರದು ಉಸರೈತೇನು?” ಎಂದರು.

ಮೇಲೆ ನೋಡಿದೆ. ಜಿಂಕೆಯ ತಲೆ ಏಳುತ್ತ ಬೀಳುತ್ತ ಇತ್ತು. “ಐತಣ್ಣ.”

ಮುಷ್ಟಿಯಲ್ಲಿದ್ದ ಚಾಕುವನ್ನು ನನ್ನ ಕೈಗೆ ತುರುಕಿದರು. “ಹೋಗು.”

“ನಾ ಕೊಯ್ದರ ನಿಮಗ ನಡ್ಯೂದಿಲ್ಲಲ್ಲ ಅಣ್ಣ.”

“ಉಣ್ಣಾಕಲ್ಲೋ ಹುಚ್ಚಾ. ಒದ್ದಾಡಾಕತ್ತೈತಿ. ಮೊದಲ ಕಣ್ಣ ಮುಚ್ಚು ಅದರದು.”

ಅವರನ್ನು ಬಿಟ್ಟು ಹೋದೆ. ಸುತ್ತುದಾರಿ ಹಿಡಿದು, ತೆವಳಿ ಏರಿ, ಅಂಗೈಯಿಂದ ಅದರ ಕಣ್ಣು ಮುಚ್ಚಿದೆ. ರೆಪ್ಪೆ ಅಂಗೈಗೆ ಬಡಿಯುತ್ತಿತ್ತು. ಕೆಲಸ ಮುಗಿಸಿ ಇಳಿದು ಬಂದಾಗ ದಸ್ತಗೀರಣ್ಣನ ಉಸಿರಿತ್ತು, ಮಾತಿರಲಿಲ್ಲ. ಮೋಡದ ಸಂದಿಯಲ್ಲಿ ಹೆಲಿಕಾಪ್ಟರ್ ಬಂತು. ಆಸ್ಪತ್ರೆ ತಲುಪುವ ಮೊದಲೇ ಅವರು ಹೋದರು.

ನಾಲ್ಕನೆಯ ದಿನ ಭಾಬಿಯ ಎದುರು ಕೂತೆ. ಓಡಿದರೇ ಎಂದು ಕೇಳುತ್ತಾರೆಂದು ಗೊತ್ತಿತ್ತು. ಇಲ್ಲ, ನಡೆಯುವಾಗಲೇ ಕಾಲು ಜಾರಿತು ಎಂದು ಹೇಳಲು ದಾರಿಯುದ್ದಕ್ಕೂ ಸುಳ್ಳು ಕಟ್ಟಿಕೊಂಡಿದ್ದೆ. ಬಾಗಿಲ ಬಳಿ ಆಸ್ಪತ್ರೆಯಿಂದ ಕಳಿಸಿದ ಅವರ ಬೂಟುಗಳಿದ್ದವು. ಹೆಲಿಕಾಪ್ಟರಿನಲ್ಲಿ ಬಿಚ್ಚಲು ಪುರುಸೊತ್ತಿಲ್ಲದೆ ಲೇಸನ್ನು ಕತ್ತರಿಸಿದ್ದರು. ಜೋಡಿಗಂಟು ಹಾಗೇ ಇತ್ತು. ಭಾಬಿ ಅದನ್ನೇ ನೋಡುತ್ತಿದ್ದರು.

“ಗುಂಡು ಯಾರು ಹೊಡದದ್ದು?” ಎಂದರು.

ಕಟ್ಟಿಕೊಂಡ ಸುಳ್ಳು ಅದಕ್ಕೆ ಉತ್ತರವಾಗಿರಲಿಲ್ಲ.

“ನಾ ಹೊಡದೆ, ಭಾಬಿ. ನಾ ಹೊಡದರ ಅವರು ಕುಂದರತಾರ ಅನ್ಕೊಂಡೆ.”

ಭಾಬಿ ಬೂಟಿನಿಂದ ಕಣ್ಣು ಎತ್ತಿದರು. ಆಮೇಲೆ ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದರು.

“ಅವರು ಬಿಸ್ಮಿಲ್ಲಾ ಅಂದು ಹೊಡದಿದ್ದರ ನಡಕೋತ ಹೋಗತಿದ್ದರು, ತಮ್ಮಾ. ನೀ ಹೊಡದ ಮ್ಯಾಲ ಅವರು ಓಡಲೇಬೇಕಿತ್ತಲ್ಲೋ.”