ನಾ ಕೇಳೂತನಕ

ಹೂಲಿಯ ನಮ್ಮ ಓಣಿಯಲ್ಲಿ ಕಂಡವರೆಲ್ಲ ನನ್ನನ್ನು ಕೇಳುವ ಮಾತು ಒಂದೇ: ಒಬ್ಬಾಕೆಯೇ ಹೇಗೆ ಇರುತ್ತೀ, ಬೇಸರ ಬರುವುದಿಲ್ಲವೇ ಎಂದು. ನನಗೆ ಬೇಸರ ಬರುವುದು ಹೆಚ್ಚಾಗಿ ಈ ಪ್ರಶ್ನೆಗೇ. ನಕ್ಕು ಮುಂದೆ ಹೋಗುತ್ತೇನೆ. ಒಬ್ಬಳೇ ಉಳಿದದ್ದೇಕೆ ಎಂಬುದನ್ನು ಹೇಳಹೊರಟರೆ ಹೊಲದ ಗುಡಿಸಲಿನಿಂದಲೇ ಶುರು ಮಾಡಬೇಕಾಗುತ್ತದೆ.

ಪ್ಲೇಗು ಬಂದ ವರ್ಷ ಮನೆಮನೆಯಲ್ಲಿ ಇಲಿ ಬಿದ್ದು ಸಾಯತೊಡಗಿದಾಗ ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲ ಸೇರಿತು. ನಮ್ಮದೂ ಜೋಳದ ಕಣಿಕೆಯ ಒಂದು ಗುಡಿಸಲು. ನಾನು ಮತ್ತು ನನ್ನ ಗಂಡ ಇಬ್ಬರೇ, ಮಕ್ಕಳಿರಲಿಲ್ಲ. ಅವರಿಗೆ ಜ್ವರ ಬಂದು ಕೊರಳಲ್ಲಿ ಗಡ್ಡೆ ಎದ್ದಿತು. ಲಿಂಗವನ್ನಿಡುವ ಪುಟ್ಟ ಕರಡಿಗೆಯ ಕೊರಳ ದಾರ ತಾಗಿದರೂ ಜೀವ ಹೋದಂತೆ ನರಳುತ್ತಿದ್ದರು. ಹುಟ್ಟಿದಾಗ ಕಟ್ಟಿದ ಲಿಂಗವನ್ನು ಒಂದು ಗಳಿಗೆಯೂ ಮೈಯಿಂದ ಅಗಲಿಸದ ಮನುಷ್ಯ, ಕೊನೆಗೆ ತಾವೇ ತೆಗೆದು ನನ್ನ ಕೈಯಲ್ಲಿಟ್ಟರು.

“ನಾ ಕೇಳೂತನಕ ನಿನ್ನ ಕೈಯಾಗ ಇರಲಿ,” ಎಂದರು.

ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಮರುದಿನ ಹೊತ್ತು ಏರುವುದರೊಳಗೆ ಅವರು ಹೋದರು. ನಮ್ಮಲ್ಲಿ ಸತ್ತವರನ್ನು ಕುಣಿಯಲ್ಲಿ ಕೂರಿಸಿ, ಎಡಗೈಯಲ್ಲಿ ಅವರವರ ಲಿಂಗವಿಟ್ಟು ಮಣ್ಣು ಕೊಡುತ್ತಾರೆ. ಅದನ್ನು ಮಾಡಿಸಬೇಕಾದ ಊರ ಅಯ್ಯನವರೇ ಆಗ ಜಡ್ಡು ಬಿದ್ದು ಹಾಸಿಗೆ ಹಿಡಿದಿದ್ದರು. ಬಂದ ನಾಲ್ಕಾರು ಮಂದಿಗೆ ಮುಟ್ಟಲೂ ಅಂಜಿಕೆ. ಕಂಬಳಿಯಲ್ಲಿ ಸುತ್ತಿದ್ದ ಅವರನ್ನು ಹಾಗೆಯೇ ಕುಣಿಗಿಳಿಸಿ ಕೂರಿಸಿ ಮಣ್ಣು ಮುಚ್ಚಿದರು. ಆ ಮಂದಿಯನ್ನು ನಾನು ಬಯ್ಯುವುದಿಲ್ಲ. ಬಂದರಲ್ಲ, ಅದೇ ದೊಡ್ಡದು. ನನಗೂ ಮೈಮೇಲೆ ಎಚ್ಚರವಿರಲಿಲ್ಲ. ಮೀಯಲೆಂದು ಸೀರೆ ಬಿಚ್ಚುವಾಗ ಆ ಗಂಟು ಕೈಗೆ ಹತ್ತಿತು. ಅವರು ಅಲ್ಲಿ ಬರಿಗೈಯಲ್ಲಿ ಕೂತಿದ್ದಾರೆ ಎಂಬುದು ಆಗ ಹೊಳೆಯಿತು.

ಊರು ಮತ್ತೆ ತುಂಬಿದ ಮೇಲೆ ಅಣ್ಣ ಬಂದು ಮುರಗೋಡದ ತನ್ನ ಮನೆಗೆ ಕರೆದುಕೊಂಡು ಹೋದ. ಅತ್ತಿಗೆ ಕೆಟ್ಟವಳಲ್ಲ. ಆದರೆ ತುಂಬಿದ ಮನೆ. ಒಂದು ಕಡೆ ಬೀಸುಕಲ್ಲು, ಒಂದು ಕಡೆ ತೊಟ್ಟಿಲು, ಮೇಲೆ ಬಂದು ಹೋಗುವ ನೆಂಟರು. ಮುಂಜಾನೆ ಮಿಂದು, ವಿಭೂತಿ ಧರಿಸಿ, ನನ್ನ ಲಿಂಗವನ್ನು ಎಡಗೈಯಲ್ಲೂ ಅವರದನ್ನು ಬಲಗೈಯಲ್ಲೂ ಇಟ್ಟುಕೊಂಡು ಕೂರುತ್ತಿದ್ದೆ. ಈ ಗದ್ದಲದಲ್ಲಿ ಅವರು ಲಿಂಗವನ್ನು ಮರಳಿ ಕೇಳಿದರೂ ನನಗೆ ಕೇಳಿಸದೆ ಹೋದೀತು ಎಂಬ ಭಯ. ಹುಚ್ಚು ಅನ್ನಿ, ಹಾಗಿತ್ತು. ಪೂಜೆ ಮುಗಿಯದೆ ನಾನು ಉಣ್ಣುವಂತಿಲ್ಲ, ನಾನು ಉಣ್ಣದೆ ಅತ್ತಿಗೆ ಉಣ್ಣುವವಳಲ್ಲ. ರೊಟ್ಟಿ ಆರಿ ಸೆಟೆಯುತ್ತಿತ್ತು, ಅವಳ ಮುಖವೂ. ಒಂದು ದಿನ ಬಟ್ಟೆಯ ಗಂಟು ಕಟ್ಟಿಕೊಂಡು ಹೂಲಿಗೆ ಬಂದುಬಿಟ್ಟೆ.

ಬೆನ್ನ ಹಿಂದೆಯೇ ಅಣ್ಣ ಬಂದ, ಜಡ್ಡಿನಿಂದ ಎದ್ದಿದ್ದ ಅಯ್ಯನವರನ್ನೂ ಕರೆದುಕೊಂಡು. ಹರೆಯದ ಹೆಣ್ಣು ಒಬ್ಬಳೇ ಇದ್ದರೆ ಮಂದಿ ಏನಂದಾರು ಎಂದ. ಉಡಿಕೆಯ ಮರುಮದುವೆ ಮಾಡಿ ನನ್ನನ್ನು ಮತ್ತೊಬ್ಬರ ಮನೆ ಸೇರಿಸುವ ವಿಚಾರವೂ ಅವನ ತಲೆಯಲ್ಲಿತ್ತು. ಅಯ್ಯನವರು ಸಿಟ್ಟು ಮಾಡಲಿಲ್ಲ.

“ಅವರ ಲಿಂಗಾನ ಹೊಳಿಗಿ ಬಿಡಬೇಕವ್ವಾ. ಬಿಟ್ಟು ಅಣ್ಣನ ಜೋಡಿ ಹೋಗು,” ಎಂದರು.

“ನನ್ನ ಕೈಯಾಗ ಕೊಟ್ಟು ಹೋಗ್ಯಾರ್ರಿ ಅಜ್ಜಾರ. ಅವರು ಇನ್ನಾ ಕೇಳಿಲ್ಲ.”

ಅಯ್ಯನವರು ಎದ್ದು, ಕರಡಿಗೆಗೆ ಕೈಮುಗಿದು, ಅಣ್ಣನಿಗೆ ಈಕೆಯನ್ನು ಇಲ್ಲಿಯೇ ಬಿಡು ಎಂದು ಹೇಳಿ ಹೊರಟರು. ಅಣ್ಣ ಹೊಸ್ತಿಲ ಮೇಲೆ ಕೂತು ಅತ್ತ.

ಅಲ್ಲಿಂದಾಚೆಗಿನ ವರ್ಷಗಳ ಬಗ್ಗೆ ಹೇಳುವಂಥದೇನೂ ಇಲ್ಲ. ಕಸ ಗುಡಿಸುವುದು, ನೀರು ತರುವುದು, ಪೂಜೆ, ರೊಟ್ಟಿ, ಹೊಲದಲ್ಲಿ ಹತ್ತಿ ಬಿಡಿಸುವುದು. ಮೊದಮೊದಲು ಕಣ್ಣು ಮುಚ್ಚಿದರೆ ಸಾಕು, ಮನಸ್ಸು ಹಗ್ಗ ಹರಿದ ಕರುವಿನ ಹಾಗೆ ಆ ಗುಡಿಸಲಿಗೆ ಓಡುತ್ತಿತ್ತು. ಬಯ್ದು ಬಯ್ದು ಎಳೆದು ತರುತ್ತಿದ್ದೆ. ಬಯ್ಯುವುದನ್ನು ಬಿಟ್ಟ ಮೇಲೆ ತಾನಾಗಿ ಬರತೊಡಗಿತು. ಮನೆಯ ಸದ್ದಿಲ್ಲದಿರುವಿಕೆ ನನಗೆ ಹಿತವಾಯಿತು. ದೀಪದ ಬತ್ತಿ, ಉಪ್ಪಿನ ಗಡಿಗೆ, ವಿಭೂತಿಯ ಗಟ್ಟಿ, ಎಲ್ಲಕ್ಕೂ ಅದರದರ ಜಾಗವಿತ್ತು. ದುಃಖವನ್ನೂ ಒಂದು ಮೂಲೆಯಲ್ಲಿ ಇಟ್ಟುಕೊಂಡಿದ್ದೆ.

ಹೀಗಿರುವಾಗ ಒಂದು ಮುಂಜಾನೆ ಪೂಜೆ ಮುಗಿಸಿ ಏಳುವ ಹೊತ್ತಿಗೆ ಗೊತ್ತಾಯಿತು: ಅವರು ಕೇಳುತ್ತಾರೇನೋ ಎಂದು ನಾನು ಕಿವಿ ಕೊಟ್ಟಿರಲೇ ಇಲ್ಲ. ನಿನ್ನೆಯೂ ಇಲ್ಲ. ಎಂದಿನಿಂದ ಬಿಟ್ಟಿದ್ದೆನೋ, ಅದೂ ನೆನಪಿಲ್ಲ. ಮನಸ್ಸು ಇಳಿಸಿಟ್ಟ ಕೊಡದೊಳಗಿನ ನೀರಿನ ಹಾಗೆ ಅಲುಗದೆ ನಿಂತಿತ್ತು. ಎಷ್ಟೋ ವರ್ಷ ಬೇಡಿಕೊಂಡಿದ್ದ ಸಮಾಧಾನ ಅದು. ಬಂದಿದೆ ಎಂದು ತಿಳಿದೊಡನೆ, ಅವರು ಹೋದ ದಿನವೂ ಅಳದಷ್ಟು ಅತ್ತೆ. ಅಂದು ಅವರಿಗೆ ಮಣ್ಣು ಕೊಟ್ಟವರು ಮಂದಿ, ಇಂದು ನಾನೇ ಕೊಟ್ಟೆ ಅನ್ನಿಸಿತು.

ಅತ್ತು ಸಾಕಾದ ಮೇಲೆ ಮುಖ ತೊಳೆದು ಮತ್ತೆ ಕೂತೆ. ಅವರ ಲಿಂಗವನ್ನು ಬಲಗೈಯಲ್ಲಿ ಹಿಡಿದು, ಎದುರಿಗಿದ್ದವರಿಗೆ ಹೇಳುವ ಹಾಗೆ ಹೇಳಿದೆ:

“ಇನ್ನ ನೀವು ಕೇಳೂದು ಬ್ಯಾಡ್ರಿ. ನಿಮ್ಮ ಕಡೆ ಬರೂ ಮುಂದ ನಾನ ತರತೇನಿ.”