ಪರೀಕ್ಷೆಗೆ ಮಲಗುವವರ ಊರುಗಳಲ್ಲಿ ಮೂರು ದಿನ

ಹುಬ್ಬಳ್ಳಿಯಲ್ಲಿ ರೈಲು ಬದಲಿಸಿ ಗದಗದಲ್ಲಿ ಇಳಿದಾಗ ಬೆಳಗಿನ ಎಂಟು ಗಂಟೆ. ಸಂಕ್ರಾಂತಿ ಕಳೆದು ವಾರವಾಗಿತ್ತು. ಮೈಸೂರಿನವಳಾದ ನನಗೆ ಈ ಒಣ ಚಳಿ ಹೊಸದು; ಆಗಲೇ ತುಟಿ ಒಡೆದಿತ್ತು. ನಿಲ್ದಾಣದ ಹೊರಗೆ ಒಂದು ಪ್ಲೇಟು ಅವಲಕ್ಕಿ, ಜೊತೆಗೆ ಬಿಸಿ ಮಿರ್ಚಿ ತಿಂದು ಆಟೊ ಹತ್ತಿದೆ.

ನಾನು ವೈದ್ಯೆಯಲ್ಲ, ಶಿಕ್ಷಣಶಾಸ್ತ್ರ ಓದಿದವಳು. ವೈದ್ಯಕೀಯ ವಿದ್ಯಾರ್ಥಿಗಳಿಗೆ ಹೇಗೆ ಕಲಿಸುತ್ತಾರೆ, ಅವರು ಕಲಿತದ್ದನ್ನು ಹೇಗೆ ಅಳೆಯುತ್ತಾರೆ ಎಂಬ ಅಧ್ಯಯನವೊಂದರಲ್ಲಿ ಕೆಲಸ ಮಾಡುತ್ತೇನೆ. ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ನಿಜವಾದ ರೋಗಿಗಳು ಬೇಕು. ಸುಲಭವಾಗಿ ಬದಲಾಗದ ಕಾಯಿಲೆಯ, ಹೇಳಿ ಕಳಿಸಿದರೆ ತಪ್ಪದೆ ಬರುವ ಕೆಲವರು ಸುತ್ತಲ ಊರುಗಳಲ್ಲಿ ಇರುತ್ತಾರೆ. ಕಾಲೇಜಿನವರು ಅವರನ್ನು ‘ಕೇಸು’ ಎನ್ನುತ್ತಾರೆ. ಬಸ್ಸಿನ ಖರ್ಚು, ಮಧ್ಯಾಹ್ನದ ಊಟ ಕೊಡುತ್ತಾರೆ. ಅಂಕ ಹಾಕುವವರು ಪರೀಕ್ಷಕರು. ಮಂಚದ ಮೇಲೆ ಮಲಗಿದವರಿಗೆ ಆ ಹುಡುಗ ಹುಡುಗಿಯರ ಬಗ್ಗೆ ಏನನ್ನಿಸಿತೆಂದು ಅವರವರ ಮನೆಗೇ ಹೋಗಿ ಕೇಳುವುದು ನನ್ನ ಪಾಲಿಗೆ ಬಂದಿತ್ತು. ಅದೂ ಮೂರು ದಿನದೊಳಗೆ, ತಡವಾದರೆ ನೆನಪು ಕಥೆಯಾಗಿಬಿಡುತ್ತದೆ. ನನ್ನ ನೆನಪನ್ನೂ ನಾನು ನಂಬುವುದಿಲ್ಲ. ಇಲ್ಲಿರುವ ಮಾತುಗಳು ಅಂದಂದೇ ಬರೆದುಕೊಂಡವು. ಕಾಲೇಜಿನ ಹೆಸರು ಹೇಳುವುದಿಲ್ಲ. ಜನರ ಹೆಸರು ಬದಲಿಸಿದ್ದೇನೆ.

ಮೊದಲ ದಿನ ವಾರ್ಡಿನ ಮೂಲೆಯಲ್ಲಿ ಕುಳಿತು ಪರೀಕ್ಷೆ ನೋಡಿದೆ. ಮಾತು ಕೇಳಿಸದಷ್ಟು ದೂರ. ಒಬ್ಬೊಬ್ಬ ವಿದ್ಯಾರ್ಥಿಗೆ ಒಬ್ಬ ರೋಗಿ, ಮುಕ್ಕಾಲು ಗಂಟೆ. ಅಷ್ಟರಲ್ಲಿ ರೋಗಿಯ ಕಥೆ ಕೇಳಬೇಕು, ಮೈ ಪರೀಕ್ಷಿಸಬೇಕು, ಆಮೇಲೆ ಪರೀಕ್ಷಕರಿಗೆ ಎಲ್ಲವನ್ನೂ ಒಪ್ಪಿಸಬೇಕು. ಕಿಟಕಿಯ ಪಕ್ಕದ ಮಂಚದಲ್ಲಿ ಶಾಂತವ್ವ ಎಂಬ ಹೆಂಗಸು ಇದ್ದರು, ವಯಸ್ಸು ನಲವತ್ತರ ಮೇಲೆ. ಹೃದಯದ ಒಂದು ಕವಾಟ ಕಿರಿದಾದ ಕಾಯಿಲೆ. ಅವರನ್ನು ನೋಡಬೇಕಾದ ತೆಳ್ಳನೆಯ ಹುಡುಗಿ ಸ್ಟೆತಾಸ್ಕೋಪನ್ನು ಕುತ್ತಿಗೆಯಲ್ಲೇ ಬಿಟ್ಟು ಸುಮ್ಮನೆ ಮಾತಾಡುತ್ತಿದ್ದಳು. ಅರ್ಧ ಗಂಟೆ ಕಳೆದರೂ ಶಾಂತವ್ವನ ಕೈ ಹಿಡಿದು ಕೂತಿದ್ದಳು. ಪರೀಕ್ಷಕರು ಬಂದಾಗ ನಾನೂ ಹತ್ತಿರ ಹೋದೆ; ಕಿರಿದಾದ ಕವಾಟ ಎದೆಯಲ್ಲಿ ಮಾಡುವ ಸಪ್ಪಳದ ಬಗ್ಗೆ ಕೇಳಿದ್ದಕ್ಕೆ ಅವಳು ಅರ್ಧವಷ್ಟೇ ಹೇಳಿದಳು. ನನ್ನ ಪುಸ್ತಕದಲ್ಲಿ ಬರೆದೆ: ‘ಸಮಯದ ಅಂದಾಜಿಲ್ಲ. ತಯಾರಿ ಸಾಲದು.’

ಮರುದಿನ ಲಕ್ಷ್ಮೇಶ್ವರದ ಬಸ್ಸು. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಆಧಾರ್ ತೋರಿಸಿದೆ, ಕಂಡಕ್ಟರ್ ಸೊನ್ನೆಯ ಚೀಟಿ ಹರಿದು ಕೊಟ್ಟ. ಸುಮಾರು ನಲವತ್ತು ಕಿಲೊಮೀಟರ್ ಉದ್ದಕ್ಕೂ ಕರಿಮಣ್ಣು, ಕಡಲೆ, ಹಳದಿ ಹೂ ಬಿಟ್ಟ ಕುಸುಬಿ.

ಚನ್ನಬಸಪ್ಪನವರದು ಪೇಟೆಯಲ್ಲಿ ರೈತರ ಶೇಂಗಾ, ಹತ್ತಿ ಮಾರಿಕೊಡುವ ಅಡತಿ ಅಂಗಡಿ. ಪಾರ್ಶ್ವವಾಯು ಹೊಡೆದು ಎಡಗೈ ಬಿಗಿದುಕೊಂಡಿದೆ. ನನ್ನನ್ನು ನೋಡಿದ ಕೂಡಲೇ ನಕ್ಕರು.

“ನಾ ಐದನೇ ಸಲ ಪರೀಕ್ಷಿಗಿ ಕುಂತೀನ್ರಿ ಮೇಡಮ್ಮಾರ. ಹುಡುಗೂರು ಪಾಸಾಗಿ ಡಾಕ್ಟರ್ ಆಗಿ ಹೋದ್ರು, ನಾ ಇನ್ನೂ ಅದ ಕ್ಲಾಸಿನ್ಯಾಗ ಅದೀನಿ.”

ಚಹಾ ತಂದ ಅವರ ಹೆಂಡತಿ ಅಂದರು: “ಮನ್ಯಾಗ ಒಂದ ತಂಬಿಗಿ ಎತ್ತಂಗಿಲ್ಲ. ಅಲ್ಲಿ ಹುಡುಗೂರು ಕೈ ಎತ್ತರಿ ಅಂದ್ರ ಜಲ್ದಿ ಎತ್ತತಾರ.”

“ನೀ ಮಾರ್ಕ್ ಕೊಡತೀಯೇನ ನನಗ?” ಎಂದರು ಚನ್ನಬಸಪ್ಪ.

ಪರೀಕ್ಷೆಯ ದಿನ ಅವರನ್ನು ನೋಡಿದ ಮೂವರನ್ನು ನೆನಪಿಸಿಕೊಳ್ಳಿ ಎಂದೆ. ಅವರು ಕಣ್ಣು ಮುಚ್ಚಿದರು. ಮೊದಲನೆಯವನ ಕೈ ತಣ್ಣಗಿತ್ತು. ಎರಡನೆಯವನು ಸುತ್ತಿಗೆಯಿಂದ ಮೊಣಕಾಲಿಗೆ ಹೊಡೆದದ್ದು ಗೂಟ ಬಡಿದಂತೆ. ಮೂರನೆಯವಳು ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಂಡು ಮುಟ್ಟಿದಳು. ನಾನು ಪುಸ್ತಕ ತೆರೆದು ನೋಡಿದೆ. ಕ್ರಮವೂ ತಪ್ಪಿರಲಿಲ್ಲ. ಮುಖಗಳನ್ನು ನೋಡಿಯೂ ನಾನು ಮೊದಲನೆಯವನನ್ನು ಎರಡನೆಯವನೊಂದಿಗೆ ಬೆರೆಸಿಕೊಂಡಿದ್ದೆ. ಈ ಮನುಷ್ಯ ಚರ್ಮದಲ್ಲಿ ನೆನಪಿಟ್ಟಿದ್ದರು.

“ಭಾಳ ಅಂಜಿದ ಹುಡುಗೂರಿಗಿ ನಾನ ಹೇಳಿಬಿಡ್ತೀನ್ರಿ,” ಎಂದು ದನಿ ತಗ್ಗಿಸಿದರು. “ಎಡಗೈ ಹೋಗೈತಿ ಅಂದ್ರ ಬ್ಯಾನಿ ಮಿದುಳಿನ ಬಲಕ್ಕ ಐತೋ ತಮ್ಮಾ ಅಂತ.”

ಅಲ್ಲಿಂದ ಶಿರಹಟ್ಟಿ ಹತ್ತಿರ. ಆದರೆ ಅಲ್ಲಿ ನಾನು ಹುಡುಕಿ ಹೋದ ರೋಗಿ ಕಡಲೆ ಕೀಳಲು ಹೊಲಕ್ಕೆ ಹೋಗಿದ್ದರು. “ಪರೀಕ್ಷಿ ಮುಗಿದ ಮ್ಯಾಲ ಆತ ಮನ್ಯಾಗ ಕುಂಡ್ರಾಂವಲ್ಲ ಬಿಡ್ರಿ,” ಎಂದರು ಪಕ್ಕದ ಮನೆಯಾಕೆ. ಎರಡು ತಾಸು ಕಾದೆ. ಅವರ ಹೆಸರಿನ ಹಾಳೆ ಖಾಲಿ ಬಿಟ್ಟು ಸಂಜೆಯ ಬಸ್ಸಿನಲ್ಲಿ ಮುಂಡರಗಿಗೆ ಹೋಗಿ ಲಾಡ್ಜಿನಲ್ಲಿ ಉಳಿದೆ. ದಾರಿಯಲ್ಲಿ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ಕೆಂಪು ಬಿಸಿಲಲ್ಲಿ ತಿರುಗುತ್ತಿದ್ದವು.

ಮೂರನೆಯ ದಿನ ಬೆಳಿಗ್ಗೆ ಶಾಂತವ್ವನ ಮನೆ ಹುಡುಕಿದೆ. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವ ಮನೆ. ಬಡಿಯುತ್ತಿದ್ದವಳು ಮಗಳು ರೇಣುಕಾ. ಶಾಂತವ್ವ ಗೋಡೆಗೆ ಒರಗಿ ಹಿಟ್ಟು ನಾದಿ ಉಂಡೆ ಮಾಡುತ್ತಿದ್ದರು. “ಬರ್ರಿ ಅಕ್ಕಾರ, ಕುಂಡ್ರಿ,” ಎನ್ನುವಷ್ಟರಲ್ಲಿ ಅವರಿಗೆ ಉಸಿರು ಕಟ್ಟಿತು. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಬಂದವು.

ಆ ತೆಳ್ಳನೆಯ ಹುಡುಗಿಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದೆ.

“ನೂರಕ್ಕ ನೂರು.”

ಏಕೆ ಎಂದೆ. ಶಾಂತವ್ವ ಹಿಟ್ಟಿನ ಕೈ ತೊಳೆದು ಬಂದು ಕೂತರು. ಅವರಿಗೆ ತಮ್ಮ ಕಾಯಿಲೆಯ ಕಥೆ ಬಾಯಿಪಾಠ. ಎಷ್ಟು ನಡೆದರೆ ದಮ್ಮು ಬರುತ್ತದೆ, ಯಾವಾಗ ಕಾಲು ಬಾತುಕೊಳ್ಳುತ್ತದೆ, ಎಲ್ಲವನ್ನೂ ಪ್ರತಿ ವರ್ಷ ಪ್ರತಿ ವಿದ್ಯಾರ್ಥಿಗೂ ಅದೇ ಮಾತುಗಳಲ್ಲಿ ಹೇಳುತ್ತಾರೆ. ಎಲ್ಲರೂ ಬರೆದುಕೊಂಡು ಎದೆಗೆ ಸ್ಟೆತಾಸ್ಕೋಪ್ ಇಡುತ್ತಾರೆ.

“ಈಕಿ ಮಾತ್ರ ನಾ ತೇಕೂದ ನೋಡಿ ಬರಿಯೂದ ನಿಲ್ಲಿಸಿ, ‘ಅಕ್ಕಾ, ಇದು ಯಾವ ವರ್ಷದ ಮಾತು?’ ಅಂದ್ಲ್ರಿ. ಖರೆ ಹೇಳಬೇಕಂದ್ರ ಅದು ಐದಾರು ವರ್ಷದ ಹಿಂದಿನ ಮಾತು. ಈಗ ನಾಕ ಹೆಜ್ಜಿ ಇಟ್ಟರ ದಮ್ಮು. ಮೂರು ದಿಂಬು ಇಟಗೊಂಡು ಕುಂತ ನಿದ್ದಿ ಮಾಡ್ತೀನಿ. ಯಾರಿಗೂ ಹೇಳಿದ್ದಿಲ್ಲ.”

“ನನಗೂ ಹೇಳಿದ್ದಿಲ್ರಿ,” ಎಂದಳು ರೇಣುಕಾ, ರೊಟ್ಟಿ ತಿರುವುತ್ತ. “ಹೇಳಿದ್ರ ಪರೀಕ್ಷಿಗಿ ಕರಿಯಂಗಿಲ್ಲ ಅಂತ ಅಂಜಿಕಿ. ಅಲ್ಲಿ ಈಕಿಗಿ ಎಲ್ಲಾರೂ ಶಾಂತವ್ವ ಟೀಚರ್ ಅಂತಾರಂತ. ಅದರ ಸಲುವಾಗಿ ಜೀವಾ ಕೊಡಾಕ ನಿಂತಾಳ ನಮ್ಮವ್ವ.”

ಪರೀಕ್ಷೆಯ ದಿನದ ಸಂಜೆಯೇ ಹುಡುಗಿ ಅವರನ್ನು ಹಿರಿಯ ವೈದ್ಯರ ಬಳಿ ಕರೆದೊಯ್ದು ತಪಾಸಣೆ ಮಾಡಿಸಿದ್ದಳು. ಕವಾಟ ತೀರ ಕಿರಿದಾಗಿತ್ತು. ತಕ್ಷಣ ದಾಖಲಾಗಬೇಕು, ರಕ್ತನಾಳದೊಳಗಿಂದ ಬಲೂನು ಹಾಕಿ ಅದನ್ನು ಅಗಲ ಮಾಡಿಸಬೇಕು, ತಡ ಮಾಡಿದರೆ ಜೀವಕ್ಕೆ ಅಪಾಯ ಎಂದು ಚೀಟಿ ಬರೆದಿದ್ದರು. ಶಾಂತವ್ವ ಚೀಟಿ ಮಡಚಿಕೊಂಡು ಊರಿಗೆ ಬಂದುಬಿಟ್ಟಿದ್ದರು.

“ಬಲೂನು ಹಾಕಿದ್ರ ಸಪ್ಪಳ ಹೋಗತೈತಂತ್ರಿ. ಸಪ್ಪಳ ಹೋದ್ರ ನಾ ಯಾಕ ಬೇಕು ಅವರಿಗಿ?”

ಆಮೇಲೆ ಅವರು ಪೆಟ್ಟಿಗೆಯಿಂದ ಹಳೆಯ ಸ್ಟೆತಾಸ್ಕೋಪ್ ತೆಗೆದರು. ಹಿಂದೆಂದೋ ಒಬ್ಬ ವಿದ್ಯಾರ್ಥಿ ಕೊಟ್ಟದ್ದು. ನನ್ನ ಕಿವಿಗೆ ಹಾಕಿ, ತಾವು ಎಡಮಗ್ಗುಲಿಗೆ ಹೊರಳಿ ಮಲಗಿ, ನನ್ನ ಕೈ ಹಿಡಿದು ಜಾಗ ತೋರಿಸಿದರು. “ಒತ್ತಬ್ಯಾಡ್ರಿ. ಹಗೂರಕ ಇಡ್ರಿ. ಲಬ್ ಡಬ್ ಆದ ಮ್ಯಾಲ ಬರತೈತಿ, ತಡೀರಿ.” ಬಂತು. ದೂರದ ಕೋಣೆಯಲ್ಲಿ ಯಾರೋ ಬೀಸುಕಲ್ಲು ತಿರುಗಿಸುವಂಥ ಮಂದ್ರ ಗುಡುಗು. ಎಷ್ಟು ಡಾಕ್ಟರುಗಳು ಇದನ್ನು ಮೊದಲ ಸಲ ಈ ಎದೆಯಲ್ಲಿ ಕೇಳಿ ಕಲಿತಿರಬೇಕು! ಅದೇ ಹೊತ್ತಿಗೆ, ನನ್ನ ಅಂಗೈ ಕೆಳಗೆ ಆ ಎದೆ ಗಾಳಿಗಾಗಿ ಏದುತ್ತಿತ್ತು.

ಪುಸ್ತಕ ತೆರೆದೆ. ‘ತಯಾರಿ ಸಾಲದು’ ಎಂಬುದನ್ನು ಹೊಡೆದುಹಾಕಬೇಕೆನಿಸಿತು, ಹಾಕಲಿಲ್ಲ. ಹೊಡೆದುಹಾಕಿದರೆ, ನನಗೆ ಮೊದಲೇ ಎಲ್ಲ ತಿಳಿದಿತ್ತೆಂದು ಮುಂದೊಂದು ದಿನ ನಂಬಿಬಿಡುತ್ತೇನೆ. ಅದರ ಕೆಳಗೆ ಬರೆದೆ: ‘ನಾನು ನೋಡಿದೆ, ನನಗೆ ತಿಳಿಯಲಿಲ್ಲ.’

“ನಾ ಕೊಟ್ಟ ಮಾರ್ಕು ಆ ಹುಡುಗಿಗಿ ಸಿಗತಾವಲ್ರಿ?” ಎಂದರು ಶಾಂತವ್ವ, ಎದ್ದು ಕೂರುತ್ತ.

ಸುಳ್ಳು ಹೇಳಲಾಗಲಿಲ್ಲ. ಇದು ಅಧ್ಯಯನಕ್ಕೆ ಮಾತ್ರ, ಪರೀಕ್ಷೆಯ ಅಂಕ ಬೇರೆ ಎಂದೆ.

“ಹಂಗಾರ ಆಕಿ ನಪಾಸಾಗಬೌದು?”

“ಆಗಬಹುದು. ಗೊತ್ತಿಲ್ಲ.”

ಶಾಂತವ್ವ ಸ್ಟೆತಾಸ್ಕೋಪನ್ನು ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ನಾನು ಆಸ್ಪತ್ರೆಗೆ ಹೋಗಿ ಎಂದು ಹೇಳಬೇಕಿತ್ತೇನೊ. ಹೇಳಿದೆನೆಂದು ಈಗ ನೆನಪು ಹೇಳುತ್ತದೆ, ಪುಸ್ತಕದಲ್ಲಿ ಇಲ್ಲ. ಅಲ್ಲಿರುವುದು ಶಾಂತವ್ವನ ಮಾತು ಮಾತ್ರ:

“ಮಾರ್ಕು ನನ್ನ ಕೈಯಾಗಿಲ್ಲ. ಆಕಿ ಹೇಳಿದ್ದು ಮಾಡೂದರ ನನ್ನ ಕೈಯಾಗ ಐತಿ. ರೇಣುಕಾ, ಆ ಚೀಟಿ ತಗಿ. ಎರಡ ಸೀರಿ ಹಾಕು ಚೀಲದಾಗ.”

“ಈಗಲೇನ ಬೇ ಯವ್ವಾ?”

“ಈಗಲ್ದ ಮತ್ತ ಯಾವಾಗ? ನಾಳಿ ಮತ್ತ ಮನಸ್ಸ ತಿರಗತೈತಿ ನನ್ನದು.”

ಮಧ್ಯಾಹ್ನದ ಗದಗ ಬಸ್ಸಿನಲ್ಲಿ ಮೂವರೂ ಹತ್ತಿದೆವು. ಡಂಬಳ ದಾಟುವವರೆಗೂ ಶಾಂತವ್ವ ಕಿಟಕಿಗೆ ಮುಖವಿಟ್ಟು ಉಸಿರೆಳೆಯುತ್ತಿದ್ದರು. ಆಸ್ಪತ್ರೆಯ ಏರುದಾರಿಯನ್ನು ಮಗಳ ಭುಜ ಹಿಡಿದು ಹತ್ತಿದರು, ನಡುವೆ ಎರಡು ಸಲ ನಿಂತು. ನಾನು ಬಾಗಿಲವರೆಗೆ ಮಾತ್ರ ಜೊತೆಗೆ ಹೋದೆ, ರೈಲಿಗೆ ಹೊತ್ತಾಗಿತ್ತು. ಬಾಗಿಲಲ್ಲಿದ್ದ ಕಾವಲಿನವನು ಗುರುತು ಹಿಡಿದು ಕೂಗಿದ: “ಏನ್ ಟೀಚರ್, ಪರೀಕ್ಷಿ ಮುಗದಾವಲ್ರಿ?”

“ಮುಗದಾವೋ ತಮ್ಮಾ,” ಎಂದರು ಶಾಂತವ್ವ. ಉಸಿರು ಕೂಡಿಸಿಕೊಂಡು ಮತ್ತೆ ಹೇಳಿದರು: “ಇವತ್ತ ನನಗ ಆರಾಮಿಲ್ಲ ಅಂತ ಬಂದೀನಿ.”